ಬೀಗರಿಗೆ ಹಾಕಿದ ಮಣೆ

ಮನೆಯೊಳಗೆ ಎಷ್ಟು ಸೆಕೆಯಿದೆ ಎಂಬುದನ್ನು ಮನೆಯವರು ಹೇಳಬಾರದು, ಯಂತ್ರವೇ ಹೇಳಬೇಕು ಎಂದು ಕಾನೂನಾದ ಮೇಲೆ ಬಂದ ಮೂರನೆಯ ಬೇಸಿಗೆ ಅದು. ಕಾಗಿಣಾ ಹೊಳೆಯ ದಂಡೆಯ ಆ ಊರಿನ ಫರಶಿ ಗಲ್ಲಿಗೆ ಸೆಕೆ ಅಳೆಯುವ ಡ್ರೋನು ಬರುವ ದಿನ ಚಂದಮ್ಮ ಎದ್ದವಳೇ ಆರು ಕೊಡ ನೀರು ತಂದು ನೆಲಕ್ಕೆ ಸುರಿದಳು. ಎರಡು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದಳು. ತನ್ನ ಹಳೆಯ ಇಳಕಲ್ ಸೀರೆಯನ್ನು ತೋಯಿಸಿ ಬಾಗಿಲಿಗೆ ಪರದೆಯಂತೆ ಇಳಿಬಿಟ್ಟಳು.

ಫರಶಿ ಗಲ್ಲಿಯ ಮನೆಗಳಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು, ತಲೆಯ ಮೇಲೆ ಹೊದಿಸಿದ್ದೂ ಕಲ್ಲಿನ ಹಾಸೇ. ಮಾರ್ಚ್ ತಿಂಗಳಲ್ಲಿ ಬಿಸಿಲು ಕುಡಿಯಲು ಶುರುಮಾಡಿದ ಆ ಕಲ್ಲು ಜೂನಿನ ಮಳೆಯವರೆಗೂ ಕಾವು ಕಕ್ಕುತ್ತಲೇ ಇರುತ್ತಿತ್ತು.

ಕೆಲಸಕ್ಕೆ ಹೊರಟಿದ್ದ ಮಗಳು ಜಗದೇವಿ ಹೊಸ್ತಿಲಲ್ಲಿ ನಿಂತಳು. "ಯವ್ವಾ, ನೀರು ಹೊಡಿಬ್ಯಾಡ."

"ಯಾಕ?"

"ಎಂದಿನಂಗ ಇರ್ರಿ ಅಂತ ಚೀಟ್ಯಾಗ ಬರದಾರಲ್ಲ."

"ಎಂದಿನಂಗ ಇದ್ರ ಮಾನ ಉಳಿತದೇನ? ಮನಿಗಿ ಬಂದೋರ್ನ ಉರಿಯೊಳಗ ಕುಂದ್ರಸು ಅಂತಿ?"

ಜಗದೇವಿ ಇನ್ನೊಂದು ಮಾತು ಆಡಬೇಕಿತ್ತು. ಆಡಲಿಲ್ಲ. ಅವಳು ಹಾಗೆಯೇ. ಅಪ್ಪ ಕಲ್ಲಿನ ಧೂಳು ಕುಡಿದು ತೀರಿಕೊಂಡ ವರ್ಷ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ಶಾಲೆಯಲ್ಲಿದ್ದಾಗಲೂ ಅವಳ ದನಿ ಮಾಸ್ತರರಿಗೆ ಕೇಳಿಸಿದ್ದು ಹಾಜರಿ ಕೂಗುವಾಗ ಮಾತ್ರ. ಬಾಯಿಗೆ ಬರಬೇಕಾದದ್ದೆಲ್ಲ ಅವಳಿಗೆ ಕಣ್ಣಿಗೆ ಬಂದಿತ್ತು. ಯಾರ ಮನೆಯ ಕೊಡ ಸೋರುತ್ತದೆ, ಯಾರ ಸೊಸೆ ಅತ್ತು ಮುಖ ತೊಳೆದು ಬಂದಿದ್ದಾಳೆ, ಎಲ್ಲವೂ ಅವಳಿಗೆ ಕಾಣುತ್ತಿತ್ತು.

ಡ್ರೋನಿಗೆ ಗಲ್ಲಿಯವರು ಇಟ್ಟ ಹೆಸರು ಬೀಗರು. ಇಟ್ಟವಳು ಪಕ್ಕದ ಮನೆಯ ರಾಚಮ್ಮ ಆಯಿ. "ಹೇಳಿ ಬರ್ತಾವ. ಬಂದ್ರ ಸೀದಾ ನಡುಮನಿಗೇ ಬರ್ತಾವ. ಮೂಲಿ ಮೂಲಿ ನೋಡ್ತಾವ. ಉಣ್ಣಂಗಿಲ್ಲ, ಮಾತಾಡಂಗಿಲ್ಲ, ಹೊರಗ ಹೋಗಿ ಹೆಸರಿಡ್ತಾವ. ಬೀಗರಲ್ದ ಮತ್ತೇನವ್ವ?"

ಅಂಗೈಯಗಲದ ಯಂತ್ರ. ಹೊಟ್ಟೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಕರಿಯ ತಾಮ್ರದ ಗುಂಡು, ಅದು ಗೋಡೆ ಛಾವಣಿಗಳಿಂದ ಬರುವ ಝಳವನ್ನು ಹೀರಿ ಅಳೆಯುತ್ತಿತ್ತು. ಕೂದಲೆಳೆಯಂಥ ತಂತಿ ಗಾಳಿಯ ಬೀಸನ್ನು ಹಿಡಿಯುತ್ತಿತ್ತು. ಎರಡು ಕಣ್ಣುಗಳಿಗೆ ಬೆಳಕು ಕಾಣಿಸುತ್ತಿರಲಿಲ್ಲ, ಕಾವು ಮಾತ್ರ ಕಾಣಿಸುತ್ತಿತ್ತು. ತನ್ನ ರೆಕ್ಕೆಯ ಗಾಳಿಯಿಂದಲೇ ಲೆಕ್ಕ ಕೆಡಬಾರದೆಂದು ಅದು ನಡುಮನೆಯಲ್ಲಿ ಕೂತು, ರೆಕ್ಕೆ ನಿಲ್ಲಿಸಿ, ಒಂಬತ್ತು ನಿಮಿಷ ಸುಮ್ಮನಿರಬೇಕಿತ್ತು. ಅದಕ್ಕಾಗಿ ಎರಡಡಿ ಎತ್ತರದ ಒಂದು ಸ್ಟೂಲು ಇಡಿ ಎಂದು ಚೀಟಿಯಲ್ಲಿ ಬರೆದಿತ್ತು. ಬರಿಯ ಸ್ಟೂಲಿನ ಮೇಲೆ ಬೀಗರನ್ನು ಕೂರಿಸುವುದುಂಟೆ? ಫರಶಿ ಗಲ್ಲಿಯ ಹೆಂಗಸರು ಸ್ಟೂಲಿನ ಮೇಲೆ ಮಣೆ ಹಾಕಿದರು, ಮಣೆಯ ಮೇಲೆ ಹೊಸ ಕುಬಸದ ಖಣ ಹಾಸಿದರು. ಪಕ್ಕದಲ್ಲಿ ಒಂದು ತಂಬಿಗೆ ನೀರನ್ನೂ ಇಟ್ಟರು.

ಗಾಳಿಯ ಬಿಸಿ, ಗೋಡೆಯ ಝಳ, ತೇವ, ಬೀಸು, ನಾಲ್ಕನ್ನೂ ಕೂಡಿಸಿ ಯಂತ್ರ ಕೊಡುವ ಅಂಕಿಗೆ ಹಿತಾಂಕ ಎಂದು ಹೆಸರು. ಹತ್ತು ಬಂದರೆ ಸ್ವರ್ಗ. ಊರಿನವರಿಗೆ ತಿಳಿಸದ ಲೆಕ್ಕದಂತೆ, ನಾಲ್ಕಕ್ಕಿಂತ ಕಡಿಮೆ ಬಂದ ಮನೆಗೆ ತಂಪು ಕೊಳವೆ ಸಿಗುತ್ತಿತ್ತು. ಹೊಳೆಯ ದಂಡೆಯ ಸ್ಥಾವರದಿಂದ ತಣ್ಣೀರು ಹೊತ್ತು ಬರುವ ಎರಡು ಬೆರಳು ದಪ್ಪದ ನೀಲಿ ಕೊಳವೆ ಅದು. ಮನೆಯಿಂದ ಮನೆಗೆ ಹಾಯುತ್ತ, ಛಾವಣಿಯ ಕೆಳಗೆ ಮಡಿಕೆ ಮಡಿಕೆಯಾಗಿ ಹರಿದು ಕಲ್ಲಿನ ಕಾವನ್ನೆಲ್ಲ ಹೀರಿಕೊಂಡು ಹೋಗುತ್ತಿತ್ತು. ಕೊಳವೆಯಿದ್ದ ಮನೆಯಲ್ಲಿ ಮಟಮಟ ಮಧ್ಯಾಹ್ನವೂ ಮಕ್ಕಳು ನಿದ್ದೆ ಮಾಡುತ್ತಿದ್ದವು.

*

ತಾಪ ನಿಗಾ ಕಚೇರಿಯಲ್ಲಿ ಜಗದೇವಿಯ ಹುದ್ದೆಯ ಹೆಸರು ಕಣ್ಣುಸಾಕ್ಷಿ. ಯಂತ್ರವೊಂದೇ ತೀರ್ಮಾನ ಮಾಡಬಾರದು, ಪ್ರತಿ ಮನೆಯನ್ನೂ ಒಂದು ಮನುಷ್ಯನ ಕಣ್ಣು ನೋಡಲೇಬೇಕು ಎಂದು ಕಾನೂನಿತ್ತು. ಅದಕ್ಕೆಂದು ಎಂಟು ಹುಡುಗಿಯರನ್ನು ಆರಿಸಿ ಕೂರಿಸಿದ್ದರು. ಆರಿಸುವಾಗ ಪರದೆಯ ಮೇಲೆ ಚಿತ್ರಗಳನ್ನು ಸರಸರನೆ ತೋರಿಸಿ ಏನು ಕಂಡಿತೆಂದು ಬರೆಯಿಸಿಕೊಂಡಿದ್ದರು. ಹೆಚ್ಚು ಕಂಡವರು, ಕಡಿಮೆ ಮಾತಾಡುವವರು ಆಯ್ಕೆಯಾದರು. ಜಗದೇವಿಯ ಹೆಸರು ಪಟ್ಟಿಯ ಮೊದಲಿಗಿತ್ತು.

ಒಂದು ಮನೆಗೆ ಏಳು ಸೆಕೆಂಡು. ಪರದೆಯ ಮೇಲೆ ಮನೆಯ ಕಾವಿನ ಚಿತ್ರ, ಕೆಳಗೆ ಹಿತಾಂಕ. ತಂಪು ನೀಲಿ, ಬಿಸಿ ಕೆಂಪು, ಸುಡುವುದು ಬಿಳಿ. ಬಲಗಡೆ 'ಹೌದು' ಗುಂಡಿ, ಎಡಗಡೆ 'ಸಂಶಯ'. ಸಂಶಯ ಒತ್ತಿದರೆ ಕಾರಣವನ್ನು ಮುಂದಿರುವ ಮೈಕಿನಲ್ಲಿ ಬಾಯಿಬಿಟ್ಟು ಹೇಳಬೇಕು. ಕೋಣೆಯ ಎಲ್ಲರಿಗೂ ಅದು ಕೇಳುತ್ತಿತ್ತು. ಏನೂ ಒತ್ತದೆ ಏಳು ಸೆಕೆಂಡು ಕಳೆದರೆ ಅದೂ ಹೌದೇ. ಹನ್ನೊಂದು ತಿಂಗಳಲ್ಲಿ ಜಗದೇವಿ ಸಂಶಯದ ಗುಂಡಿಯನ್ನು ಮುಟ್ಟಿರಲಿಲ್ಲ.

ಯಂತ್ರಗಳಿಗೆ ಸೆಕೆ ಆಗಬಾರದೆಂದು ಆ ಕೋಣೆಯನ್ನು ಕೊರೆಯುವಷ್ಟು ತಣ್ಣಗೆ ಇಟ್ಟಿರುತ್ತಿದ್ದರು. ಹೊರಗೆ ನಲವತ್ತೈದು ಡಿಗ್ರಿಯಿರುವಾಗ ಜಗದೇವಿ ಕಂಕುಳಲ್ಲಿ ಶಾಲು ಹಿಡಿದು ಕೆಲಸಕ್ಕೆ ಹೋಗುವುದನ್ನು ಕಂಡು ರಾಚಮ್ಮ ಆಯಿ ಕೂಗುತ್ತಿದ್ದಳು: "ಯಾಕವ್ವ, ಹಿಮ ಬೀಳ್ಲಾಕತ್ತದೇನ?"

ಆ ದಿನ ಫರಶಿ ಗಲ್ಲಿಯ ಮನೆಗಳು ಒಂದಾದ ಮೇಲೊಂದು ಪರದೆಗೆ ಬಂದವು. ನೆಲವೆಲ್ಲ ನೀಲಿ. ಒಂದು ಮನೆಯ ಕಿಟಕಿಯಲ್ಲಿ ನೀಲಿ ಚೌಕ, ಬಾಗಿಲಲ್ಲಿ ನೀಲಿ ಪಟ್ಟಿ. ಅದು ತನ್ನವ್ವನ ಇಳಕಲ್ ಸೀರೆ ಎಂದು ಜಗದೇವಿಗೆ ಗೊತ್ತಾಯಿತು. ಹಿತಾಂಕ 6.2. ಹೌದು ಒತ್ತಿದಳು.

ಊಟದ ಬಿಡುವಿನಲ್ಲಿ ಧೈರ್ಯ ಮಾಡಿ ಮೇಲಧಿಕಾರಿ ರೇವಣಸಿದ್ದ ಸರ್ ಅವರ ಮೇಜಿನ ಮುಂದೆ ನಿಂತಳು. ಒಳ್ಳೆಯ ಮನುಷ್ಯ, ಯಾರನ್ನೂ ಬೈದವರಲ್ಲ. ಸದಾ ಬಾಯಲ್ಲೊಂದು ಲವಂಗ.

"ಸರ್... ನೆಲ ಹಸಿ ಅದರಿ."

"ಹಸಿ ಇದ್ರ ತಂಪಿರ್ತದ. ತಂಪಿದ್ರ ಛಲೋನೇ ಅಲ್ಲೇನವ್ವ?"

"ದಿನಾ ಹಂಗಿರಂಗಿಲ್ರಿ. ಬೀಗ್ರು... ಡ್ರೋನ್ ಬರ್ತದಂತ ಮಾಡ್ಯಾರ್ರಿ."

"ನೋಡು ಜಗದೇವಿ," ಅವರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಸೆಕಿ ಅಂಬೋದು ಅನಿಸಿಕಿ. ಅಂಕಿ ಅಂಬೋದು ಖರೆ. ನಿನಗ ನೋಡ್ಲಾಕ ಇಟ್ಕೊಂಡೀವಿ, ಹೇಳ್ಲಾಕಲ್ಲ. ಮತ್ತ, ಲೆಕ್ಕ ಹ್ಯಾಂಗ ಬರ್ತದ ಅಂತ ಓಣ್ಯಾಗ ಬಾಯಿ ಬಿಟ್ಟೀಯ, ನೌಕರಿ ಹೋಗ್ತದ. ಸಹಿ ಮಾಡೀಯಲ್ಲ?"

ಮಾಡಿದ್ದಳು.

ಮೂರು ದಿನಕ್ಕೆ ಪ್ರತಿ ಬಾಗಿಲಿಗೂ 'ಹಿತ' ಎಂದು ಹಸಿರು ಕಾಗದ ಅಂಟಿಸಿ ಹೋದರು. ಚಂದಮ್ಮನಿಗೆ ಹಿಗ್ಗೋ ಹಿಗ್ಗು. "ಹತ್ತಕ್ಕ ಆರು! ನೀ ಸಾಲ್ಯಾಗ ಒಂದಿನರೆ ಇಷ್ಟು ತೊಗೊಂಡಿದ್ದೇನ?"

ಹಿಗ್ಗು ಒಂದು ವಾರ ಉಳಿಯಿತು. ಆಮೇಲೆ ನೀಲಿ ಕೊಳವೆಯ ಗಾಡಿ ಬಂತು. ಫರಶಿ ಗಲ್ಲಿಯ ಬಾಯಿಗೆ ಬಂದು, ತಿರುಗದೆ, ನೇರ ಹಿಂದಿನ ಓಣಿಗೆ ಹೋಯಿತು. ಹಿಂದಿನ ಓಣಿಯವರು ನೆಲಕ್ಕೆ ನೀರೂ ಹೊಡೆದಿರಲಿಲ್ಲ, ಕಸವನ್ನೂ ಗುಡಿಸಿರಲಿಲ್ಲ.

"ನಾಚಿಕಿ ಇದ್ದೋರಿಗಿ ಕಾಗದ, ನಾಚಿಕಿ ಇಲ್ದೋರಿಗಿ ಕೊಳವಿ," ಎಂದು ರಾಚಮ್ಮ ಆಯಿ ಗಾಡಿಯ ಹಿಂದೆ ಉಗುಳಿದಳು.

*

ಏಪ್ರಿಲ್‌ನಲ್ಲಿ ಜಗದೇವಿಯ ಅಕ್ಕ ಕಸ್ತೂರಿ ಹೆರಿಗೆಗೆ ತವರಿಗೆ ಬಂದಳು. ಗಂಡನ ಮನೆಯೆಂದರೆ ಕಲ್ಲಿನ ಖಣಿಯ ಮಗ್ಗುಲ ತಗಡಿನ ಶೆಡ್ಡು. ಅದಕ್ಕಿಂತ ಇದು ವಾಸಿ ಎಂದುಕೊಂಡು ಬಂದಿದ್ದಳು. ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಹನ್ನೆರಡನೆಯ ದಿನ ಅದರ ಮೈತುಂಬ ಸಾಸಿವೆ ಕಾಳಿನಂಥ ಬೆವರುಸಾಲೆ ಎದ್ದವು. ಹದಿನೈದನೆಯ ದಿನದಿಂದ ಮೊಲೆ ಕಚ್ಚಿ ಎರಡು ಗುಟುಕಿಗೇ ಬಿಟ್ಟುಬಿಡತೊಡಗಿತು.

ನೋಡಲು ಬಂದ ನರ್ಸಮ್ಮ ಛಾವಣಿಗೆ ಕೈಯೆತ್ತಿ, ಕಲ್ಲು ಮುಟ್ಟುವ ಮೊದಲೇ ಹಿಂದೆಗೆದುಕೊಂಡಳು. "ಕೂಸಿಗಿ ತಂಪು ಜಾಗ ಬೇಕು. ಸುಳ್ಳು ಹೇಳಂಗಿಲ್ಲ ನಾ. ಈ ಮನ್ಯಾಗ ಇದು ಬ್ಯಾಸಗಿ ದಾಟಂಗಿಲ್ಲ."

ಚಂದಮ್ಮ ತಲೆಯಾಡಿಸಿದಳು. ನರ್ಸಮ್ಮ ಹೋದ ಮೇಲೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ತಂದಿಟ್ಟಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಲವತ್ತು ದಿನ. ಅವಳವ್ವ ಅವಳಿಗೆ ಹಾಗೆಯೇ ಮಾಡಿದ್ದಳು.

"ಬಾಣಂತಿ ಮೈಗಿ ಥಂಡಿ ಹತ್ತಬಾರ್ದು."

"ಥಂಡಿ ಎಲ್ಲದ ಯವ್ವಾ?" ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಕಸ್ತೂರಿ ಕೇಳಿದಳು. "ಎಲ್ಲದ ತೋರ್ಸು, ಕಣ್ಣೀಲೆ ನೋಡಿಯಾದ್ರೂ ಸಾಯ್ತೀನಿ."

ಜಗದೇವಿ ಮಗುವಿನ ಪಕ್ಕ ಕೂತು ಬೀಸಣಿಗೆ ಆಡಿಸುತ್ತಿದ್ದಳು. ಕಚೇರಿಯ ಚಳಿ ಅವಳ ಶಾಲಿನ ಮಡಿಕೆಯಲ್ಲಿ ಮನೆಯವರೆಗೂ ಒಂದಿಷ್ಟು ಉಳಿದಿರುತ್ತದೆಂದು ನಂಬಿ, ಬಂದ ಕೂಡಲೇ ಶಾಲನ್ನು ಮಗುವಿನ ಕೆಳಗೆ ಹಾಸುತ್ತಿದ್ದಳು. ಅದರಲ್ಲಿ ಚಳಿಯೇನೂ ಇರುತ್ತಿರಲಿಲ್ಲ. ಆದರೂ ಹಾಸುತ್ತಿದ್ದಳು.

ಬೇಸಿಗೆಗೆ ಒಂದು ಸಲ ಗಲ್ಲಿಯ ಪರವಾಗಿ ತಕರಾರು ಹಾಕಲು ಅವಕಾಶವಿತ್ತು. ಮೇ ಮೊದಲ ವಾರ ಜಗದೇವಿ ಅವ್ವನ ಹೆಸರಿನಲ್ಲಿ ತಕರಾರು ಬರೆದಳು. ಒಪ್ಪಿಗೆಯಾಯಿತು. ಮರುತಪಾಸಣೆ ಈ ವಾರದಲ್ಲೇ, ಯಾವ ದಿನವೆಂದು ಹೇಳುವುದಿಲ್ಲ, ಸ್ಟೂಲು ಸದಾ ನಡುಮನೆಯಲ್ಲಿರಲಿ ಎಂದು ಉತ್ತರ ಬಂತು.

ಆ ಸಂಜೆ ನಲ್ಲಿಯ ಹತ್ತಿರ ಗಲ್ಲಿಯ ಹೆಂಗಸರೆಲ್ಲ ಸೇರಿದ್ದಾಗ ಜಗದೇವಿ ಹುಟ್ಟಿದ ಮೇಲೆ ಮೊದಲ ಸಲ ನಾಲ್ಕು ಜನರ ಮುಂದೆ ಮಾತಾಡಿದಳು. ನೌಕರಿ ಹೋಗುವ ಭಯವಿತ್ತು. "ಈ ಸಲ ನೀರು ಹೊಡಿಬ್ಯಾಡ್ರಿ. ಪರದಿ ಕಟ್ಟಬ್ಯಾಡ್ರಿ. ಬಿಸಿ ಇದ್ರೇ ಕೊಳವಿ ಕೊಡ್ತಾರ. ಎಷ್ಟು ಸೆಕಿ ಇದ್ರ ಅಷ್ಟು ಛಲೋ."

"ನಮ್ಮ ಮೂಕವ್ವ ಮಾತಾಡಿದ್ಳಲ್ಲೇ!" ಎಂದು ರಾಚಮ್ಮ ಆಯಿ ಅವಳ ಗಲ್ಲ ಹಿಂಡಿದಳು. "ಅಂದ್ರ ಬೀಗರ ಮುಂದ ಹರಕ ಸೀರಿ ಉಟ್ಟು ನಿಂದ್ರಬೇಕು ಅನ್ನು. ಆತು ತೊಗೋ, ಕೂಸಿನ ಸಲುವಾಗಿ ಅದೂ ಆಗ್ಲಿ."

ಜಗದೇವಿ ಹೇಳದೆ ಬಿಟ್ಟದ್ದು ಒಂದಿತ್ತು. ಹಿತಾಂಕ ಒಂದಕ್ಕಿಂತ ಕೆಳಗಿಳಿದರೆ ಮನೆ ವಾಸಕ್ಕೆ ಅಯೋಗ್ಯ. ಒಳಗಿದ್ದವರನ್ನು ಅವರ ಕ್ಷೇಮಕ್ಕಾಗಿಯೇ ಕೂಡಲೇ ಹೊರಗೆ ಕಳಿಸಿ, ಬಾಗಿಲಿಗೆ ಮೊಹರು ಹಾಕಬೇಕು. ಕಲಿಸುವಾಗ ಇದನ್ನು ಅವಳಿಗೂ ಹೇಳಿದ್ದರು. ಆದರೆ ಹದಿಮೂರು ತಿಂಗಳಲ್ಲಿ ಅಂಥ ಒಂದು ಮನೆಯೂ ಅವಳ ಪರದೆಗೆ ಬಂದಿರಲಿಲ್ಲ. ಹೆಚ್ಚಿನವರು ಅಷ್ಟಿಷ್ಟು ನೀರು ಹೊಡೆದೇ ಇರುತ್ತಿದ್ದರು, ಹೊಡೆಯದವರ ಮನೆಯೂ ಎರಡರ ಕೆಳಗೆ ಇಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ್ದು ಅವಳ ನೆನಪಿಗೆ ಬರಲಿಲ್ಲ.

*

ಗುರುವಾರ ಬೆಳಗಿನಿಂದ ಗಲ್ಲಿಯಲ್ಲಿ ತಿರುಗುತ್ತಿದ್ದ ರೆಕ್ಕೆಯ ಸದ್ದು ಮಧ್ಯಾಹ್ನ ಒಂದೂವರೆಗೆ ಪಕ್ಕದ ಮನೆಗೆ ಬಂತು.

ಚಂದಮ್ಮ ಕಿಟಕಿ ಮುಚ್ಚಿದಳು. ಬಾಗಿಲನ್ನು ಡ್ರೋನು ಬರುವಷ್ಟೇ ಸಂದು ಬಿಟ್ಟು ಎಳೆದಳು. ಮಣೆಯ ಮೇಲಿನ ಖಣ ಸರಿಮಾಡಿದಳು. ಹಿಂದಿನ ಸಲ ತನ್ನ ಹುಂಬತನದಿಂದ ಕೊಳವೆ ತಪ್ಪಿತೆಂಬ ಸಂಕಟ ಅವಳನ್ನು ಎರಡು ತಿಂಗಳಿಂದ ತಿನ್ನುತ್ತಿತ್ತು. ಎಷ್ಟು ಸೆಕೆಯಿದ್ದರೆ ಅಷ್ಟು ಒಳ್ಳೆಯದೆಂದು ಮಗಳೇ ಹೇಳಿದ್ದಳಲ್ಲ. ಸಂಜೆ ಹೂಡಬೇಕಿದ್ದ ಶೆಗಡಿಯನ್ನು ಅವಳು ಆಗಲೇ ಹೂಡಿದಳು. ಎರಡು ಬೊಗಸೆ ಇದ್ದಲು ಹೆಚ್ಚಿಗೆ ಹಾಕಿ ಊದಿ, ಹೊರಸಿನ ಕೆಳಗೆ ತಳ್ಳಿದಳು.

"ಯವ್ವಾ, ಉಸ್ರು ಕಟ್ಟತದ," ಎಂದಳು ಕಸ್ತೂರಿ.

"ಒಂಬತ್ತು ನಿಮಿಷ ತಡಿ ಮಗಳ. ಆಮ್ಯಾಲ ಜಲ್ಮ ಪೂರ್ತಿ ತಂಪು."

ಡ್ರೋನು ಬಂದು ಮಣೆಯ ಮೇಲೆ ಕೂತಿತು. ಚಂದಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಸರಿದು ನಿಂತಳು.

ಆ ಚಿತ್ರ ಎಂಟು ಹುಡುಗಿಯರಲ್ಲಿ ಯಾರ ಪರದೆಗೂ ಬರಬಹುದಿತ್ತು. ಜಗದೇವಿಯ ಪರದೆಗೇ ಬಂತು. ಬೆಳಗಿನಿಂದ ಅವಳು ಗಲ್ಲಿಯ ಹನ್ನೊಂದು ಮನೆ ನೋಡಿದ್ದಳು. 2.8, 3.1, 2.6. ಎಲ್ಲಕ್ಕೂ ಕೊಳವೆ. ಒಳಗೊಳಗೇ ನಗುತ್ತಿದ್ದಳು.

ಒಂದನೆಯ ಸೆಕೆಂಡಿನಲ್ಲಿ ಅದು ಯಾರ ಮನೆಯೆಂದೇ ತಿಳಿಯಲಿಲ್ಲ. ಛಾವಣಿ ಬಿಳಿ, ಗೋಡೆ ಬಿಳಿ. ಎರಡನೆಯದರಲ್ಲಿ ಹೊರಸು ಕಂಡಿತು, ಅದರ ಕೆಳಗೆ ಕಣ್ಣು ಕುಕ್ಕುವ ಬಿಳಿಯ ಉಂಡೆ. ಶೆಗಡಿ. ಸುಡುವ ಮನೆಯೊಳಗೆ ಮನುಷ್ಯರು ಕೆಂಪಾಗಿ ಕಾಣುವುದಿಲ್ಲ, ಗೋಡೆಗಿಂತ ತಣ್ಣಗಿರುವುದರಿಂದ ಮಸುಕಾದ ಕಲೆಯಂತೆ ಕಾಣುತ್ತಾರೆ. ಹೊರಸಿನ ಮೇಲೆ ಒಂದು ದೊಡ್ಡ ಕಲೆಯಿತ್ತು. ಅದರ ಮಗ್ಗುಲಲ್ಲಿ ಒಂದು ಚಿಕ್ಕದು ಇರಬೇಕಿತ್ತು. ಅವಳು ಹುಡುಕಿದಳು. ಮೂರು. ನಾಲ್ಕು. ಚಿಕ್ಕದು ಗೋಡೆಯ ಬಣ್ಣಕ್ಕೇ ತಿರುಗುತ್ತಿತ್ತು. ಹಿತಾಂಕ 0.9.

ಅಯೋಗ್ಯ, ಎಂದು ಪರದೆಯ ಕೆಳಗೆ ಅಕ್ಷರ ಮೂಡಿತು.

ಅವಳ ಬೆರಳು ಎಡಗಡೆಯ ಗುಂಡಿಯ ಮೇಲೆ ಬಂದಿತ್ತು. ಒಂದೇ ಮಾತು ಸಾಕಿತ್ತು: ಕೆಂಡ ಇಟ್ಟಾರ್ರಿ, ಇದು ಮನೀ ಸೆಕಿ ಅಲ್ರಿ. ಡ್ರೋನು ಇನ್ನೊಂದು ದಿನ ಮತ್ತೆ ಬಂದು ಕೂರುತ್ತಿತ್ತು. ಆದರೆ ಕೆಂಡ ಯಾಕಿಟ್ಟರು ಎಂದು ಕೇಳಿದರೆ? ಯಾರು ಹೇಳಿಕೊಟ್ಟರು ಎಂದರೆ? ಗಲ್ಲಿಯ ಹನ್ನೊಂದು ಕೊಳವೆಗಳೂ ಹೋದರೆ? ಏಳು ಮಂದಿ ಹುಡುಗಿಯರು, ರೇವಣಸಿದ್ದ ಸರ್, ಮುಂದೆ ಮೈಕು. ಅವಳು ಬಾಯಿ ತೆರೆದಳು. ಐದು. ಆರು.

ಏಳು. ಪರದೆಯ ಮೇಲೆ ಬೇರೆ ಯಾರದೋ ಮನೆ ಬಂತು.

*

ಮೊಹರಿನವರು ಇಪ್ಪತ್ತು ನಿಮಿಷಕ್ಕೆ ಬಂದರು. ಅವರೂ ಕೆಟ್ಟವರಲ್ಲ; ಹೊರಸನ್ನು ತಾವೇ ಎತ್ತಿ ಹೊರಗಿಟ್ಟರು, ಶೆಗಡಿಗೆ ನೀರು ಹಾಕಿ ಆರಿಸಿದರು. ಬಾಗಿಲಿಗೆ ಕೆಂಪು ಪಟ್ಟಿ ಬಿತ್ತು. ತಂಪು ಶಿಬಿರ ಹದಿನಾಲ್ಕು ಕಿಲೋಮೀಟರು ದೂರ. ಅಲ್ಲಿಗೊಯ್ಯುವ ಗಾಡಿ ತಗಡಿನದು, ಗಲ್ಲಿಯ ಬಾಯಲ್ಲಿ ಬಿಸಿಲಿಗೆ ನಿಂತಿತ್ತು. ಹತ್ತು ಜನ ಆಗುವವರೆಗೆ ಹೊರಡುವಂತಿರಲಿಲ್ಲ. ಆ ಗಲ್ಲಿಯಲ್ಲಿ ಅಯೋಗ್ಯವಾದದ್ದು ಒಂದೇ ಮನೆ. ಗಾಡಿ ಬೇರೆ ಓಣಿಗಳ ತಪಾಸಣೆ ಮುಗಿಯಲೆಂದು ಕಾಯುತ್ತ ನಿಂತಿತು.

ರಾಚಮ್ಮ ಆಯಿ ಒದ್ದೆ ಬಟ್ಟೆ ಹಿಡಿದು ಓಡಿ ಬಂದಳು. "ಕೂಸಿಗರೆ ನನ್ನ ಕೈಯಾಗ ಕೊಡ್ರಪ್ಪ. ನಿಮ್ಮ ಕಾಲು ಬೀಳ್ತೀನಿ. ನನ್ನ ಮನ್ಯಾಗ ಒಂದೀಟು ನೆಳ್ಳರೆ ಅದ."

"ಪಟ್ಟ್ಯಾಗ ಮೂರು ಮಂದಿ ಅದಾರ ಆಯಿ," ಎಂದ ಗಾಡಿಯವನು. "ಒಬ್ರು ಕಮ್ಮಿ ಆದ್ರ ನನ್ನ ಕೇಳ್ತಾರ."

ಗಾಡಿ ಹೊರಟಾಗ ನಾಲ್ಕೂವರೆ. ಮಗು ಅಳುವುದನ್ನು ನಿಲ್ಲಿಸಿದ್ದು ಮೂರಕ್ಕೆ. ನಿದ್ದೆ ಹತ್ತಿದೆಯೆಂದು ಚಂದಮ್ಮ ಅಂದುಕೊಂಡಳು. ಕಸ್ತೂರಿ ಹಾಗೆ ಅಂದುಕೊಳ್ಳಲಿಲ್ಲ, ಆದರೆ ಶಿಬಿರ ಮುಟ್ಟುವವರೆಗೂ ಮಗುವಿನ ಬಾಯಿಗೆ ಮೊಲೆ ಒತ್ತಿ ಹಿಡಿದಿದ್ದಳು.

ಕಚೇರಿಯಲ್ಲಿ ಫೋನುಗಳನ್ನು ಬೆಳಿಗ್ಗೆಯೇ ಇಸಿದುಕೊಳ್ಳುತ್ತಿದ್ದರು. ಐದೂವರೆಗೆ ಪಾಳಿ ಮುಗಿಯುವವರೆಗೆ ಜಗದೇವಿ ಶಾಲು ಹೊದ್ದು ಕೂತು, ಇನ್ನೂ ಐನೂರು ಮನೆಗಳಿಗೆ ಸಾಕ್ಷಿಯಾದಳು.

*

ಹದಿನೈದು ದಿನಕ್ಕೆ ಫರಶಿ ಗಲ್ಲಿಗೆ ನೀಲಿ ಕೊಳವೆ ಬಂತು. ಮನೆಯಿಂದ ಮನೆಗೆ ಹಾಯುವ ಕೊಳವೆಯಾದ್ದರಿಂದ ಮೊಹರು ಬಿದ್ದ ಮನೆಯೊಳಗಿಂದಲೂ ಹಾದುಹೋಯಿತು. ಮೊಹರಿನ ಮನೆಗಳನ್ನು ಡ್ರೋನು ವಾರಕ್ಕೊಮ್ಮೆ ಹೊಕ್ಕು ನೋಡುತ್ತಿತ್ತು. ಒಲೆಯಿಲ್ಲ, ಉಸಿರಿಲ್ಲ, ಹಿತಾಂಕ 8.4. ಗಲ್ಲಿಯಲ್ಲೆಲ್ಲ ತಂಪಾದ ಮನೆ ಅದೇ. ಮೊಹರು ತೆಗೆಯಲು ಆ ಮನೆಯಲ್ಲಿ ವಾಸವಿರುವವರು ಅರ್ಜಿ ಕೊಡಬೇಕಿತ್ತು. ಅಲ್ಲಿ ವಾಸವಿರುವವರು ಯಾರೂ ಇರಲಿಲ್ಲ.

"ನಿಯಮಾನೇ ಹಂಗದವ್ವ," ಎಂದರು ರೇವಣಸಿದ್ದ ಸರ್. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಆದ್ರ ಒಂದು ಮಾತು ಅವತ್ತೇ ಅನಬೇಕಿತ್ತು ನೀ. ಗುಂಡಿ ಇಟ್ಟದ್ದು ಯಾತಕ್ಕ ಮತ್ತ?"

ಕಸ್ತೂರಿಯನ್ನು ಗಂಡ ಬಂದು ಖಣಿಯ ಶೆಡ್ಡಿಗೆ ಕರೆದೊಯ್ದ. ಹೋಗುವಾಗ ಅವಳು ತಂಗಿಯ ಮುಖ ನೋಡಲಿಲ್ಲ. ಚಂದಮ್ಮ ಮತ್ತು ಜಗದೇವಿ ತಂಪು ಶಿಬಿರದಲ್ಲೇ ಉಳಿದರು. ಶಿಬಿರವೆಂದರೆ ಉದ್ದನೆಯ ತಗಡಿನ ಚಪ್ಪರ, ನಡುವೆ ಹುರಿಗೆ ಹಾಕಿದ ಬಟ್ಟೆಯ ಗೋಡೆಗಳು. ತಂಪು ಯಂತ್ರಗಳಿದ್ದವು, ಅವುಗಳಿಗೆ ನೀರಿರಲಿಲ್ಲ. ತಲೆಗೆ ದಿನಕ್ಕೆ ಒಂದು ಕೊಡ ಕುಡಿಯುವ ನೀರು. ಜಗದೇವಿ ದಿನವೂ ಕಚೇರಿಯ ಬಸ್ಸು ಹತ್ತಿ ಕೆಲಸಕ್ಕೆ ಹೋದಳು. ಆ ದಿನ ಪರದೆಯ ಮುಂದೆ ಕೂತಿದ್ದವರು ಯಾರೆಂದು ಅವ್ವನಿಗೆ ತಿಳಿದಿರಲಿಲ್ಲ. ಜಗದೇವಿ ಹೇಳಲೂ ಇಲ್ಲ.

ಜೂನ್ ಮೊದಲ ವಾರ ಮಳೆಯಿನ್ನೂ ಬಂದಿರಲಿಲ್ಲ. ಅವತ್ತು ಶಿಬಿರದ ತಪಾಸಣೆ. ಚಪ್ಪರದ ಕೋಣೆಗಳು ಪರದೆಗೆ ಬರತೊಡಗಿದವು. ಮೊದಲನೆಯ ಕೋಣೆಯ ನೆಲ ನೀಲಿ. ಎರಡನೆಯದೂ ನೀಲಿ. ಇಲ್ಲಿದ್ದವರೆಲ್ಲ ಸುಡುವ ಮನೆಯಿಂದ ಹೊರಬಿದ್ದವರು. ಸುಟ್ಟರೆ ಇಲ್ಲಿಂದಲೂ ಹೊರಹಾಕುತ್ತಾರೆಂದು ಕಲಿತವರು.

ಏಳನೆಯ ಕೋಣೆ ಬಂತು.

ನೆಲದ ಮೇಲೆ ಆಗಷ್ಟೇ ಸುರಿದ ನೀರು ಅಂಚು ಅಂಚಾಗಿ ಹರಡುತ್ತಿತ್ತು. ಎರಡು ಕೊಡದ ನೀರು. ಅವ್ವನ ಮತ್ತು ತನ್ನ ಆ ದಿನದ ಕುಡಿಯುವ ಪಾಲು. ಹುರಿಗೆ ತೋಯಿಸಿ ಹಾಕಿದ ಸೀರೆ. ನಡುವೆ ಸ್ಟೂಲು, ಸ್ಟೂಲಿನ ಮೇಲೆ ಮಣೆ. ಮಣೆಯ ಮೇಲೆ ಹಾಸಲು ಹೊಸ ಖಣ ಶಿಬಿರದಲ್ಲಿ ಎಲ್ಲಿ ಸಿಗಬೇಕು? ಅಲ್ಲಿ ಹಾಸಿದ್ದು ಒಂದು ಸಣ್ಣ ಚೌಕ ಬಟ್ಟೆ, ಅಂಚಿನಲ್ಲಿ ಕಟ್ಟುವ ಎರಡು ಲಾಡಿ. ಕೂಸಿನ ಕುಂಚಿಗೆ.

ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ಒಂದು ಮಸುಕು ಕಲೆ ನಿಂತಿತ್ತು. ಕಲೆಯ ಬಾಯಿ ಆಡುತ್ತಿತ್ತು. ಪರದೆಗೆ ದನಿಯಿರಲಿಲ್ಲ, ಆದರೆ ತುಟಿಯಾಟದಿಂದಲೇ ಮಾತು ತಿಳಿಯುವಷ್ಟು ಕಣ್ಣು ಜಗದೇವಿಗಿತ್ತು.

ಬರ್ರಿ, ಕುಂದರ್ರಿ. ತಂಪದ. ಇಲ್ಲಿ ಭಾಳ ತಂಪದರಿ.

ಹಿತಾಂಕ 5.8.

ಜಗದೇವಿ ಏಳರವರೆಗೆ ಕಾಯಲಿಲ್ಲ. ಐದನೆಯ ಸೆಕೆಂಡಿಗೇ ಹೌದು ಒತ್ತಿ, ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು, ಎಂಟನೆಯ ಕೋಣೆಯನ್ನು ನೋಡಿದಳು.